ಮನೆಯಲ್ಲಿ ಹೇಳಬಲ್ಲ ಉತ್ತರ: ಹುಬ್ಬಳ್ಳಿಯ ಒಂದು ಭಾನುವಾರದ ನೃತ್ಯ ತರಗತಿಯ ಪ್ರಕರಣ ಅಧ್ಯಯನ

ಹುಬ್ಬಳ್ಳಿಯ ವಿದ್ಯಾನಗರದ ಕಡೆ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ನಾನು ಹಲವು ವರ್ಷಗಳಿಂದ ಭರತನಾಟ್ಯ ಕಲಿಸುತ್ತ ಬಂದಿದ್ದೇನೆ. ವಾರದ ಐದು ಸಂಜೆ ಅಲ್ಲಿ ಶಾಲೆಯ ಮಕ್ಕಳಿರುತ್ತಾರೆ. ಭಾನುವಾರ ಬೆಳಿಗ್ಗೆ 11ರಿಂದ ಒಂದೂವರೆಯವರೆಗೆ ನಡೆಯುವ ತರಗತಿ ಬೇರೆ. ಅದಕ್ಕೆ ಬರುವವರಲ್ಲಿ ಸಲಿಂಗಪ್ರೇಮಿ ಯುವಕರೂ ಯುವತಿಯರೂ ಇದ್ದಾರೆ, ಟ್ರಾನ್ಸ್ ಮಹಿಳೆಯರಿದ್ದಾರೆ (ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ಹೆಣ್ಣಾಗಿ ಬಾಳುವವರು), ಒಬ್ಬ ಟ್ರಾನ್ಸ್ ಪುರುಷ (ಹೆಣ್ಣೆಂದು ಬರೆಸಿಕೊಂಡು ಗಂಡಾಗಿ ಬಾಳುವವನು), ಎಲ್ಲಮ್ಮನ ಸೇವೆಗೆ ನಿಂತು ಹೆಣ್ಣುಡುಗೆಯಲ್ಲಿ ಬಾಳುವ ಒಬ್ಬ ಹಿರಿಯ ಜೋಗಪ್ಪ, ಜೊತೆಗೆ ತಮ್ಮನ್ನು ಇನ್ನೂ ಯಾವ ಹೆಸರಿನಿಂದಲೂ ಕರೆದುಕೊಳ್ಳದ ಇಬ್ಬರು ಮೂವರು ಇದ್ದಾರೆ. ಆ ತರಗತಿ ಹೇಗೆ ಹುಟ್ಟಿತು, ಎಂಟನೆಯ ತಿಂಗಳಲ್ಲಿ 20 ಸೆಕೆಂಡಿನ ಒಂದು ವಿಡಿಯೊದಿಂದ ಹೇಗೆ ಮುರಿಯುವ ಹಂತಕ್ಕೆ ಬಂತು, ಮುಂದೆ ಏನೇನು ಬದಲಾಯಿಸಿಕೊಂಡು ಮತ್ತೆ ನಡೆಯತೊಡಗಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಬರೆಯುವ ಮುನ್ನ ಎಲ್ಲರ ಒಪ್ಪಿಗೆ ಕೇಳಿದ್ದೇನೆ. ಹೆಸರು, ಓಣಿ, ಕೆಲಸ ಯಾವುದನ್ನೂ ಹೇಳಿಲ್ಲ.

ಶುರುವಾದ ಬಗೆ

ಒಂಬತ್ತನೆಯ ವಯಸ್ಸಿನಿಂದ ನನ್ನಲ್ಲಿ ಕಲಿತು, ಹದಿನಾರಕ್ಕೆ ಬಿಟ್ಟುಹೋಗಿದ್ದ ಹುಡುಗನೊಬ್ಬ 24ರ ವಯಸ್ಸಿನಲ್ಲಿ ಒಂದು ದಿನ ಬಂದು ಬಾಗಿಲಲ್ಲಿ ನಿಂತ. ಬೆಂಗಳೂರಿನಲ್ಲಿ ಕೆಲಸ ಮಾಡಿ, ತಂದೆಯ ಆರೋಗ್ಯ ಕೆಟ್ಟಿದ್ದರಿಂದ ಊರಿಗೆ ಮರಳಿದ್ದ. ಮಾತಿನ ನಡುವೆ ಅಂದು ಬಿಟ್ಟದ್ದೇಕೆ ಎಂದು ಕೇಳಿದೆ. "ಬ್ಯಾಸರಾಗಿ ಬಿಡಲಿಲ್ರೀ ಟೀಚರ್. ಅವತ್ತ ಎಲ್ಲಾರ ಮುಂದ ನೀವು 'ಗಂಡಸಿನಂಗ ನಿಂದರು' ಅಂದ್ರಿ. ಅಲ್ಲಿಂದ ಕಾಲು ಏಳಲಿಲ್ಲ" ಎಂದ. ನನಗೆ ಆ ದಿನದ ನೆನಪಿರಲಿಲ್ಲ. ಆದರೆ ಆ ಮಾತನ್ನು ನಾನು ಆಡಿರುತ್ತೇನೆಂಬುದರಲ್ಲಿ ಸಂಶಯವೂ ಇರಲಿಲ್ಲ. ನನ್ನ ಗುರುಗಳು ಹಾಗೆ ಅನ್ನುತ್ತಿದ್ದರು, ನಾನೂ ಅದನ್ನೇ ಅಂದೆ. ಎಂಟು ವರ್ಷ ಆ ಹುಡುಗ ಗೆಜ್ಜೆ ಕಟ್ಟಲಿಲ್ಲ. ಈ ತರಗತಿಯ ಮೂಲ ಇರುವುದು ಅಲ್ಲಿ.

ನಮ್ಮ ಸೀಮೆಯಲ್ಲಿ ಗಂಡಸರು ಸೀರೆಯುಟ್ಟು ರಂಗಕ್ಕೆ ಬರುವುದು ಹೊಸದೇನಲ್ಲ. ಕುಂದಗೋಳದ ಸವಾಯಿ ಗಂಧರ್ವರು ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು. ದೊಡ್ಡಾಟ, ಸಣ್ಣಾಟಗಳಲ್ಲಿ ಸ್ತ್ರೀಪಾತ್ರಧಾರಿಯೆಂದರೆ ಊರಿಗೇ ಅಭಿಮಾನವಿತ್ತು. ಹಾಗಿದ್ದ ಮೇಲೆ ಇಲ್ಲಿ ಕಷ್ಟವೇನು ಎಂದು ಹಲವರು ನನ್ನನ್ನು ಕೇಳಿದ್ದಾರೆ. ಪಾತ್ರ ಮುಗಿದ ಮೇಲೆ ಬಣ್ಣ ಅಳಿಸಿಕೊಂಡು ಹೆಂಡತಿ ಮಕ್ಕಳಿರುವ ಮನೆಗೆ ಹೋಗುವ ಕಲಾವಿದನನ್ನು ಜನ ಮೆಚ್ಚುತ್ತಾರೆ. ಬಣ್ಣವೇ ಹಚ್ಚದೆ, ಕೈ ಬೀಸಿ ನಡೆಯುವ ರೀತಿಯಲ್ಲೇ ಹಾಗಿರುವ ಹುಡುಗನಿಗೆ ಅದೇ ಜನ 'ಹೆಣ್ಣಿಗ' ಎನ್ನುತ್ತಾರೆ. ರಂಗದ ಮೇಲಿನ ಆ ಮೆಚ್ಚುಗೆ ಅಭ್ಯಾಸದ ಕೋಣೆಯವರೆಗೆ ತಾನಾಗಿಯೇ ಇಳಿದು ಬರುವುದಿಲ್ಲವೆಂಬುದಕ್ಕೆ ನನ್ನ ತರಗತಿಯೇ ಸಾಕ್ಷಿಯಾಗಿತ್ತು.

ನಮ್ಮ ಮೊದಲ ಯತ್ನ ಸೋತಿತು. ಹುಡುಗ ಬೆಂಗಳೂರಿನಲ್ಲಿ ಕಂಡಿದ್ದ ಕೂಟಗಳ ಮಾದರಿಯಲ್ಲಿ ಶನಿವಾರ ಸಂಜೆ, ಸಿನಿಮಾ ಹಾಡುಗಳಿಗೆ ಎಲ್ಲರೂ ಸೇರಿ ಕುಣಿಯುವ ಕಾರ್ಯಕ್ರಮವೆಂದು ಯೋಜಿಸಿದೆವು. ಲೈಂಗಿಕ ಅಲ್ಪಸಂಖ್ಯಾತರ ಗುರುತಾದ ಕಾಮನಬಿಲ್ಲಿನ ಬಣ್ಣದ ಒಂದು ಚಿತ್ರ ಮಾಡಿ ಪರಿಚಿತರಿಗೆ ಕಳುಹಿಸಿದೆವು. ಬಂದವರು ಮೂವರು. ಆ ಮಾದರಿಯಲ್ಲಿ ದೋಷವಿಲ್ಲ. ಲಂಡನ್ನಿನಲ್ಲಿ 1995ರಲ್ಲಿ ಆರಂಭವಾದ ಕ್ಲಬ್ ಕಾಲಿ, ತಮ್ಮ ಮನೆಯ ಹಾಡುಗಳಿಗೆ ಕುಣಿಯಲು ಬೇರೆಲ್ಲೂ ಜಾಗ ಸಿಗದಿದ್ದ ದಕ್ಷಿಣ ಏಷ್ಯಾ ಮೂಲದ ಕ್ವಿಯರ್ (ಲೈಂಗಿಕ ಅಲ್ಪಸಂಖ್ಯಾತ) ಜನರಿಗೆ ಹಿಂದಿ ಸಿನಿಮಾ ಸಂಗೀತವನ್ನೂ ಭಾಂಗ್ಡಾವನ್ನೂ ಒಂದೇ ಸೂರಿನಡಿ ಒದಗಿಸಿತು. ಆದರೆ ಮಹಾನಗರದಲ್ಲಿ ಗುಂಪಿನೊಳಗೆ ಕರಗಿಹೋಗಲು ಸಾಧ್ಯವಿದೆ. ಹುಬ್ಬಳ್ಳಿಯಲ್ಲಿ ಕಟ್ಟಡದ ಕೆಳಗಿನ ಪಾನ್ ಅಂಗಡಿಯವರಿಗೆ ನಮ್ಮ ಸೋದರಮಾವ ಗೊತ್ತಿರುತ್ತಾರೆ. "ಸಂಜೀ ಮುಂದ ಎಲ್ಲಿಗೆ ಹೊಂಟೀ?" ಎಂದು ಅವ್ವ ಕೇಳಿದರೆ ಆ ಚಿತ್ರದಲ್ಲಿದ್ದ ಯಾವ ಸಾಲನ್ನೂ ಉತ್ತರವಾಗಿ ಹೇಳುವಂತಿರಲಿಲ್ಲ.

ಆ ಮೂವರಲ್ಲಿ ಒಬ್ಬಾಕೆ ಹೊರಡುವಾಗ ಹೇಳಿದ್ದು: "ಡಾನ್ಸ್ ಕ್ಲಾಸ್ ಅಂತ ಹೇಳಿದ್ರ ಬರಬಹುದ್ರೀ. ಅಷ್ಟ ಇರಲಿ." ಒಂದು ತಾಣ ಯಾರನ್ನಾದರೂ ಒಳಗೊಳ್ಳಬೇಕಾದರೆ, ಅಲ್ಲಿಗೆ ಬರುವವರು ಮನೆಯಲ್ಲಿ ಸುಳ್ಳಾಡದೆ ಹೇಳಬಹುದಾದ ಒಂದು ಸರಳ ಉತ್ತರ ಮೊದಲು ಇರಬೇಕು. ಮುಂದೆ ನಾವು ಮಾಡಿದ್ದೆಲ್ಲ ಈ ಒಂದು ಮಾತಿನಿಂದ ಹೊರಟಿತು. ಶನಿವಾರದ ಸಂಜೆ ಭಾನುವಾರದ ಬೆಳಿಗ್ಗೆಯಾಯಿತು, ಕಾರ್ಯಕ್ರಮ ತರಗತಿಯಾಯಿತು. ಅಡವು, ಅಂದರೆ ಮೂಲ ಹೆಜ್ಜೆಗಳನ್ನು ಕಲಿಸುವುದು, ತಾಳ ಹಾಕುವುದು, ತಪ್ಪಿದರೆ ತಿದ್ದುವುದು ಎಲ್ಲವೂ ನಿಜವಾಗಿ ನಡೆಯುವ ತರಗತಿ. ತರಗತಿಯೆಂಬುದು ಬರಿಯ ಮರೆಯಾಗಿದ್ದರೆ ಆ ಉತ್ತರವೂ ಸುಳ್ಳಾಗುತ್ತಿತ್ತು.

ಕಟ್ಟಡದ ಮಾಲೀಕರಿಗೆ ನಾನು ಮುಚ್ಚಿಡಲಿಲ್ಲ. "ಇದು ಕಾಯ್ದೆಕ್ಕ ವಿರುದ್ಧ ಅಲ್ಲೇನ್ರೀ?" ಎಂದು ಅವರು ಕೇಳಿದರು. ಭಾರತೀಯ ದಂಡ ಸಂಹಿತೆಯ 377ನೆಯ ಕಲಂ ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧಕ್ಕೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟದ್ದನ್ನೂ, ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು 2014ರಲ್ಲೇ ಆ ನ್ಯಾಯಾಲಯ ಎತ್ತಿಹಿಡಿದದ್ದನ್ನೂ ವಿವರಿಸಿದೆ. 2018ರ ತೀರ್ಪಿಗೆ ಹೆಸರು ಬಂದದ್ದು ಅರ್ಜಿದಾರರಾದ ನವತೇಜ್ ಸಿಂಗ್ ಜೋಹರ್ ಅವರಿಂದ. ಅವರು ಭರತನಾಟ್ಯ ಕಲಾವಿದರು. ಈ ಸಂಗತಿ ನನ್ನ ಹಳೆಯ ಶಿಷ್ಯನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಾನು ಕಲಿಸುವ ಕಲೆಯ ಒಬ್ಬರು ಇಡೀ ದೇಶಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದ ಕಾಲದಲ್ಲಿ ನನ್ನ ಕೋಣೆಯಲ್ಲಿ ಹುಡುಗರನ್ನು ನಿಲುವಿಗಾಗಿ ಬೈಯುತ್ತಿದ್ದೆನಲ್ಲ ಎಂಬ ನೋವು ನನಗೆ ಈಗಲೂ ಇದೆ. ಮಾಲೀಕರು ಒಪ್ಪಿದರು. ಬರುವವರೆಲ್ಲ 18 ದಾಟಿದವರಾಗಿರಬೇಕೆಂದು ಅವರು ಕೇಳಿದರು, ನಾನು ಹಾಕಿಕೊಂಡಿದ್ದ ಷರತ್ತೂ ಅದೇ ಆಗಿತ್ತು.

ದಾರಿ ಮತ್ತು ಕೋಣೆ

ತರಗತಿಗೆ ಬರುವವರಲ್ಲಿ ಅರ್ಧದಷ್ಟು ಜನ ಹೊರಗಿನವರು. ಧಾರವಾಡದವರು ಚಿಗರಿ ಬಸ್ಸಿನಲ್ಲಿ ಬರುತ್ತಾರೆ, ಗದಗಿನವರು ಹಾವೇರಿಯವರು ರೈಲಿಗೋ ಬಸ್ಸಿಗೋ ಬರುತ್ತಾರೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಪ್ರಯಾಣದ ಖರ್ಚು ತಪ್ಪಿತು, ಮನೆಯಲ್ಲಿ ದುಡ್ಡು ಕೇಳುವ ಪ್ರಸಂಗವೂ ತಪ್ಪಿತು. ಲಿಂಗತ್ವ ಅಲ್ಪಸಂಖ್ಯಾತರಿಗೂ ಆ ಯೋಜನೆ ಅನ್ವಯಿಸುತ್ತದೆ. ಆದರೆ ಗುರುತಿನ ಚೀಟಿಯಲ್ಲಿ ಪುರುಷ ಎಂದಿರುವ ಟ್ರಾನ್ಸ್ ಮಹಿಳೆ ಕಂಡಕ್ಟರರ ಮುಂದೆ ತಾನು ಯಾರೆಂದು ಇಡೀ ಬಸ್ಸಿಗೆ ಕೇಳುವಂತೆ ವಾದಿಸಬೇಕಾಗುತ್ತದೆ. ನಮ್ಮ ಟ್ರಾನ್ಸ್ ಪುರುಷನದು ಇದಕ್ಕೆ ತದ್ವಿರುದ್ಧ. ಅವನ ಆಧಾರ್ ಚೀಟಿಯಲ್ಲಿ ಇನ್ನೂ ಸ್ತ್ರೀ ಎಂದಿದೆ, ಅದನ್ನು ತೋರಿಸಿದರೆ ಟಿಕೆಟ್ ಉಚಿತ. ಅವನು ಅದನ್ನು ತೋರಿಸುವುದಿಲ್ಲ, ಪ್ರತಿ ವಾರ ದುಡ್ಡು ಕೊಟ್ಟೇ ಬರುತ್ತಾನೆ. ಆ ಟಿಕೆಟುಗಳನ್ನು ಎಸೆಯದೆ ಪರ್ಸಿನಲ್ಲಿ ಮಡಚಿ ಇಟ್ಟುಕೊಂಡಿದ್ದಾನೆ. ಒಮ್ಮೆ ತೋರಿಸಿದ, ಬೆರಳಿನಷ್ಟು ದಪ್ಪದ ಕಟ್ಟು. ಅಂದಿನಿಂದ ನಾನು ಅವನಿಂದ ಶುಲ್ಕ ತೆಗೆದುಕೊಳ್ಳುತ್ತಿಲ್ಲ.

ಕೋಣೆಯಲ್ಲಿ ಬದಲಿಸಿದ್ದು ಹೆಚ್ಚೇನಲ್ಲ. ಬಟ್ಟೆ ಬದಲಿಸುವ ಮೂಲೆಗೆ 'ಹುಡುಗಿಯರು' ಎಂದಿದ್ದ ಫಲಕ ತೆಗೆದು, ಒಬ್ಬೊಬ್ಬರೇ ಹೋಗುವಂತೆ ಒಳಗಿನಿಂದ ಚಿಲಕ ಹಾಕಿಸಿದೆವು. ಶೌಚಾಲಯ ಇರುವುದೇ ಒಂದು, ಅದು ಎಲ್ಲರದು. ನನಗೆ ಎಂದೂ ಹೊಳೆಯದಿದ್ದ ಸಂಗತಿಯೆಂದರೆ ಚಪ್ಪಲಿ. ಮೆಟ್ಟಿಲ ಬಳಿ ಸಾಲಾಗಿ ಬಿಟ್ಟ ಚಪ್ಪಲಿಗಳಲ್ಲಿ ತನ್ನ ತಂಗಿಯದನ್ನು ಗುರುತಿಸಿದ ಅಣ್ಣನೊಬ್ಬ, ಪಕ್ಕದಲ್ಲಿದ್ದ ಗಂಡಸರ ಚಪ್ಪಲಿಗಳನ್ನೂ ಎಣಿಸಿಕೊಂಡು ಮನೆಗೆ ಹೋಗಿ ಹೇಳಿದ್ದ. ಅಂದಿನಿಂದ ಚಪ್ಪಲಿಯ ಕಪಾಟು ಬಾಗಿಲ ಒಳಗೆ ಬಂದಿದೆ. ಇನ್ನೊಂದು ಕಪಾಟಿನಲ್ಲಿ ಗೆಜ್ಜೆಗಳಿವೆ. ಮಕ್ಕಳು ಗೆಜ್ಜೆಯನ್ನು ಮನೆಗೆ ಒಯ್ದು ದೇವರ ಜಗಲಿಯ ಮೇಲಿಡುತ್ತಾರೆ. ಭಾನುವಾರದವರಲ್ಲಿ ಹೆಚ್ಚಿನವರಿಗೆ ಅದು ಸಾಧ್ಯವಿಲ್ಲ, ಆದ್ದರಿಂದ ಬಟ್ಟೆಯಲ್ಲಿ ಸುತ್ತಿ, ತಮಗೆ ಬೇಕಾದ ಹೆಸರು ಬರೆದು ಇಲ್ಲಿಯೇ ಬಿಟ್ಟುಹೋಗುತ್ತಾರೆ. ಕೆಲವರಿಗೆ ಆ ಹೆಸರು ಬರೆದಿರುವ ಜಾಗ ಊರಲ್ಲಿ ಅದೊಂದೇ.

ಪಾಠದ ಮಾತು

ಕಷ್ಟವಾದದ್ದು ನನ್ನ ನಾಲಗೆಯನ್ನು ತಿದ್ದಿಕೊಳ್ಳುವುದು. ಶಾಸ್ತ್ರೀಯ ನೃತ್ಯದ ಪಾಠದಲ್ಲಿ ಗಂಡು ಹೆಣ್ಣೆಂಬ ಎಣಿಕೆ ಹೆಜ್ಜೆಹೆಜ್ಜೆಗೂ ಬರುತ್ತದೆ. ಹುಡುಗರಿಗೆ ಬಿರುಸಿನ ತಾಂಡವ, ಹುಡುಗಿಯರಿಗೆ ಕೋಮಲ ಲಾಸ್ಯ ಎಂದು ಹಂಚುವುದು ಗುರುಗಳಿಗೆ ಉಸಿರಾಟದಷ್ಟೇ ಸಹಜ. ಈಗ ನಾನು ದೇಹದ ಭಾಗಗಳ ಹೆಸರಿನಲ್ಲೇ ಹೇಳುತ್ತೇನೆ: ಮೊಣಕಾಲು ಹೊರಕ್ಕೆ, ಬೆನ್ನು ನೇರ, ಮೊಣಕೈ ಇಳಿಯದಿರಲಿ, ದೃಷ್ಟಿ ಕೈಯ ಹಿಂದೆ ಹೋಗಲಿ. ಇದರಿಂದ ಪಾಠವೇ ಚೆನ್ನಾಗಿದೆ. 'ಗಂಡಸಿನಂತೆ' ಎಂದಾಗ ಹುಡುಗರು ಭುಜ ಬಿಗಿದುಕೊಳ್ಳುತ್ತಿದ್ದರೇ ಹೊರತು ಮೊಣಕಾಲು ಮಡಚಿ ನಿಲ್ಲುವ ಅರೆಮಂಡಿ ಸರಿಯಾಗುತ್ತಿರಲಿಲ್ಲ. ಮಕ್ಕಳ ತರಗತಿಯಲ್ಲೂ ಈಗ ಇದೇ ಮಾತು. ತಾಂಡವ, ಲಾಸ್ಯಗಳನ್ನು ಚಲನೆಯ ಎರಡು ಗುಣಗಳೆಂದು ಎಲ್ಲರಿಗೂ ಕಲಿಸುತ್ತೇನೆ.

ಅಭಿನಯಕ್ಕೆ ಬಂದಾಗ ವಿಷಯ ಇನ್ನೂ ಆಳಕ್ಕೆ ಹೋಯಿತು. ನಮ್ಮ ಪದ, ಜಾವಳಿಗಳೆಂಬ ಶೃಂಗಾರದ ಹಾಡುಗಳಲ್ಲಿ ನಾಯಿಕೆ ಇರುತ್ತಾಳೆ, ಅವಳು ಕಾಯುವುದು ನಾಯಕನನ್ನು. ನಾಯಿಕೆ ಸಖಿಯನ್ನು ಕೂರಿಸಿಕೊಂಡು ಇರುಳೆಲ್ಲ ಕಾದ ಬೇಸರ ತೋಡಿಕೊಳ್ಳುವ ಭಾಗವನ್ನು ಕಲಿಸುತ್ತಿದ್ದಾಗ ಒಬ್ಬ ಯುವತಿ ಕೈಯೆತ್ತಿ, "ಟೀಚರ್, ಆಕಿ ಕಾಯಾಕ ಹತ್ತಿದ್ದು ಸಖೀನ್ನ ಆಗಿದ್ರ?" ಎಂದಳು. ಕೋಣೆ ಒಮ್ಮೆಲೇ ಮೌನವಾಯಿತು. ಮುದ್ರೆಗಳೇನೂ ಬದಲಾಗಬೇಕಿರಲಿಲ್ಲ, ನೋಟ ಹೊರಳುವ ಜಾಗ ಮಾತ್ರ ಬದಲಾಗಬೇಕಿತ್ತು. ಅವಳು ಮಾಡಿ ತೋರಿಸಿದಳು. ದೂರದ ಬಾಗಿಲಿನ ಮೇಲೆ ಇರಬೇಕಾಗಿದ್ದ ಕಣ್ಣು ಪಕ್ಕದಲ್ಲಿ ಕುಳಿತವಳ ಮುಖಕ್ಕೆ ಬಂದು, ಅಲ್ಲಿ ನಿಲ್ಲಲಾರದೆ ನೆಲಕ್ಕಿಳಿಯಿತು. ಅಷ್ಟು ನಿಜವಾದ ವಿರಹವನ್ನು ಈ ಕೋಣೆಯಲ್ಲಿ ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಪರಂಪರೆ ಕೆಡುತ್ತದೆಂದು ಹೇಳುವವರಿಗೆ ನಾನು ಮಧುರೈ ಮೂಲದ ನರ್ತಕಿ ನಟರಾಜ್ ಅವರ ಹೆಸರು ಹೇಳುತ್ತೇನೆ. ಟ್ರಾನ್ಸ್ ಮಹಿಳೆಯಾದ ಅವರು ತಂಜಾವೂರು ಪರಂಪರೆಯ ಕಿಟ್ಟಪ್ಪ ಪಿಳ್ಳೈ ಅವರ ಬಳಿ ಕಲಿತು, ಅದೇ ನಾಯಿಕಾ ಭಾವದ ಅಭಿನಯಕ್ಕೆ ಹೆಸರಾಗಿ, 2019ರಲ್ಲಿ ಪದ್ಮಶ್ರೀ ಪಡೆದರು. ಗುರು ಬಾಗಿಲು ತೆರೆದದ್ದರಿಂದ ಪರಂಪರೆಗೆ ಲಾಭವೇ ಆಯಿತು.

ಮುಟ್ಟಿ ತಿದ್ದುವುದನ್ನು ಬಿಟ್ಟಿದ್ದೇನೆ. ಕೇಳಿ, ಅವರು ಹೂಂ ಎಂದರೆ ಮಾತ್ರ ಮುಟ್ಟುತ್ತೇನೆ. ಇದನ್ನು ಕಲಿತದ್ದು ನಮ್ಮ ಟ್ರಾನ್ಸ್ ಪುರುಷನಿಂದ. ಎರಡನೆಯ ವಾರ ತಟ್ಟಡವಿನ ಮೂರನೆಯ, ಅತಿ ವೇಗದ ಕಾಲದಲ್ಲಿ ಅವನು ತಲೆ ತಿರುಗಿ ಗೋಡೆಗೆ ಒರಗಿದ. ಬೆನ್ನು ಸವರಲು ಹೋದ ನನ್ನ ಕೈ ಅಂಗಿಯ ಕೆಳಗಿನ ಬಿಗಿ ಪಟ್ಟಿಗೆ ತಾಗಿತು. ಎದೆ ಚಪ್ಪಟೆಯಾಗಿ ಕಾಣಲೆಂದು, ಕಾಲಿನ ಉಳುಕಿಗೆ ಸುತ್ತುವ ಪಟ್ಟಿಯನ್ನು ಎದೆಗೆ ನಾಲ್ಕು ಸುತ್ತು ಬಿಗಿದಿದ್ದ. ಹಾಗೆ ಬಿಗಿದರೆ ಉಸಿರೆಳೆಯುವಾಗ ಪಕ್ಕೆಲುಬು ಅರಳಲು ಜಾಗವಿರುವುದಿಲ್ಲ, ದಣಿದಷ್ಟೂ ಆ ಪಟ್ಟಿ ಇನ್ನಷ್ಟು ಹಿಡಿಯುತ್ತದೆ, ಪಕ್ಕೆಲುಬಿಗೆ ಪೆಟ್ಟಾಗುವುದೂ ಉಂಟು. ಇದಕ್ಕೆಂದೇ ಹೊಲಿದ ಬೈಂಡರನ್ನೂ ಶ್ರಮದ ವ್ಯಾಯಾಮದ ವೇಳೆ ಹಾಕಬಾರದೆಂದು ವೈದ್ಯರು ಹೇಳುತ್ತಾರೆ. ಈಗ ಅವನು ಕುಣಿಯುವಾಗ ಪಟ್ಟಿ ಬಿಚ್ಚಿ, ಒಳಗೊಂದು ದಪ್ಪ ಬನಿಯನ್, ಮೇಲೆ ಸಡಿಲವಾದ ಜುಬ್ಬ ಹಾಕಿಕೊಳ್ಳುತ್ತಾನೆ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುವುದು ಬೇಡವೆಂದು ಹಿಂದಿನ ಸಾಲಿನ ಮೂಲೆ ಆರಿಸಿಕೊಂಡಿದ್ದಾನೆ. ಅವನಿಗಾಗಿ ಒಂದು ಕನ್ನಡಿಗೆ ಪರದೆ ಹಾಕಿದೆವು. ಆಮೇಲೆ ಗೊತ್ತಾಯಿತು, ಆ ಪರದೆ ಬೇಕಾಗಿದ್ದವರು ಇನ್ನೂ ಇಬ್ಬರಿದ್ದರು.

ಚೌಡಿಕೆ

ಈ ತರಗತಿಯಲ್ಲಿ ನಾವು ಹೆಚ್ಚು ಎಡವಿದ್ದು ಜೋಗಪ್ಪನವರ ವಿಷಯದಲ್ಲಿ. ಐವತ್ತು ದಾಟಿದವರು, ಸವದತ್ತಿ ಎಲ್ಲಮ್ಮನ ಸೇವೆಯವರು, ಎಲ್ಲರೂ ಅವರನ್ನು ಅವ್ವಾರ ಎನ್ನುತ್ತಾರೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತು, ಕೈ ಬಿಟ್ಟು, ನೆಲದಲ್ಲಿಟ್ಟ ನಾಣ್ಯವನ್ನು ಬಾಗಿ ಎತ್ತಿ ಏಳುವ ಅವರ ಕುಣಿತವನ್ನು ಒಂದು ಭಾನುವಾರ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು, ನಮಸ್ಕಾರ ಮಾಡಿದೆವು. ಮುಂದಿನ ವಾರವೂ ತೋರಿಸಿರೆಂದೆವು, ಅದರ ಮುಂದಿನ ವಾರವೂ. ನಾಲ್ಕನೆಯ ವಾರ ಅವರು ಎಲ್ಲಮ್ಮನ ಹಾಡಿಗೆ ಮಿಡಿಯುವ ತಂತಿವಾದ್ಯವಾದ ಚೌಡಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನು ನೋಡಿ, "ಟೀಚರ್, ನಾ ಇಲ್ಲಿ ಕಲಿಯಾಕ ಬಂದೀನೋ, ಆಡಿ ತೋರಸಾಕ ಬಂದೀನೋ?" ಎಂದರು. ನಾನು ಕಲಿಸಿದ್ದಕ್ಕೆ ಶುಲ್ಕ ಪಡೆಯುತ್ತೇನೆ. ಅವರಿಂದ ಮಾತ್ರ ಪುಕ್ಕಟೆಯಾಗಿ ಕಲಿತೆವು. ಅವರಿಗೆ ಕುಣಿತವೇ ಅನ್ನವೆಂಬುದನ್ನು ನಾವು ಯಾರೂ ಯೋಚಿಸಿರಲಿಲ್ಲ. ಅದಕ್ಕಿಂತ ನಾಚಿಕೆಯ ಇನ್ನೊಂದು ಸಂಗತಿಯೂ ಅಂದೇ ಹೊರಬಿತ್ತು. ಕಾಲೇಜು ಓದಿದ ಇಬ್ಬರು ಹುಡುಗರು ಅವರು ಕುಡಿದ ಲೋಟವನ್ನು ಬಿಟ್ಟು ಬೇರೆ ಲೋಟ ಎತ್ತಿಕೊಳ್ಳುತ್ತಿದ್ದರು. ತಾವು ಮನೆಯಲ್ಲಿ ಅನುಭವಿಸುವುದನ್ನೇ ಅವರಿಗೆ ಮಾಡುತ್ತಿದ್ದೇವೆಂದು ಆ ಹುಡುಗರಿಗೆ ಹೇಳಿಕೊಡಬೇಕಾಯಿತು.

ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ನಮ್ಮೆಲ್ಲರಿಗೂ ಹೆಮ್ಮೆಯ ವಿಷಯ. ಆ ಹೆಮ್ಮೆಯಿದ್ದೂ ನೀರಿನ ಲೋಟದಲ್ಲಿ ಭೇದ ಉಳಿದಿತ್ತು. ಈಗ ತಿಂಗಳ ಎರಡು ಭಾನುವಾರ ಅವ್ವಾರು ಗುರುಗಳು. ನಾನು ನೆಲದ ಮೇಲೆ ಕೂತು ಕಲಿಯುತ್ತೇನೆ, ಸಂಭಾವನೆಯನ್ನು ಎಲೆ ಅಡಿಕೆಯೊಂದಿಗೆ ತಟ್ಟೆಯಲ್ಲಿಟ್ಟು ಕೊಡುತ್ತೇವೆ. ಉಳಿದ ವಾರಗಳಲ್ಲಿ ಅವರು ಅಡವು ಕಲಿಯುತ್ತಾರೆ.

ಇಲ್ಲೊಂದು ಗಂಟು ಇನ್ನೂ ಬಿಚ್ಚಿಲ್ಲ. ದೇವದಾಸಿಯಾಗಿ ಬಿಡುವ ಪದ್ಧತಿಯನ್ನು ಕರ್ನಾಟಕದಲ್ಲಿ 1982ರ ಕಾಯ್ದೆ ನಿಷೇಧಿಸಿತು, ಅದು ಸರಿಯಾದದ್ದೇ. ತರಗತಿಗೆ ಬರುವ ಒಬ್ಬ ಯುವತಿಯ ಅಜ್ಜಿಗೆ ಚಿಕ್ಕಂದಿನಲ್ಲಿ ಮುತ್ತು ಕಟ್ಟಿದ್ದರು. ಚೌಡಿಕೆಯ ತಂತಿ ಮಿಡಿದಾಗ ಆ ಹುಡುಗಿ ಎದ್ದು ಹೊರಗೆ ಹೋದಳು. ಅವ್ವಾರಿಗೆ ದೇವಿಯ ಕರೆ ಅವರ ಬದುಕನ್ನು ಉಳಿಸಿದ್ದು. ಆ ಹುಡುಗಿಯ ಮನೆಯಲ್ಲಿ ಅದೇ ಹೆಸರು ಒಂದು ಬದುಕನ್ನು ನುಂಗಿದ್ದು. ಇಬ್ಬರ ಮಾತೂ ನಿಜ. ಚೌಡಿಕೆಯ ದಿನ ಯಾವುದೆಂದು ಮೊದಲೇ ತಿಳಿಸುವುದು, ಅಂದು ಬಾರದಿದ್ದವರನ್ನು ಯಾಕೆಂದು ಕೇಳದಿರುವುದು, ಇಷ್ಟನ್ನು ಮಾತ್ರ ನಾವು ಮಾಡಿದ್ದೇವೆ. ಅವ್ವಾರಿಗೆ ಕಾರಣ ಗೊತ್ತಾದಾಗ, "ಆ ಕೂಸಿನ ಸಂಕಟ ಖರೇ ಐತಿ" ಎಂದಷ್ಟೇ ಅಂದರು.

ವಿಡಿಯೊ

ಎಂಟನೆಯ ತಿಂಗಳಲ್ಲಿ ಒಬ್ಬರ ಗೆಳೆಯ ನೋಡಲೆಂದು ಬಂದ. ಕುಣಿತ ಕಂಡು ಸಂತೋಷಪಟ್ಟು, ಮೊಬೈಲಿನಲ್ಲಿ 20 ಸೆಕೆಂಡು ತೆಗೆದು, ಕಾಮನಬಿಲ್ಲಿನ ಗುರುತಿನೊಂದಿಗೆ ತನ್ನ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿದ. ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಮುಖಗಳೂ ಸ್ಪಷ್ಟವಿರಲಿಲ್ಲ. ಆದರೆ ಹಾವೇರಿಯ ಒಬ್ಬ ವಿದ್ಯಾರ್ಥಿನಿಯ ಚಿಕ್ಕಪ್ಪ ಅವಳ ಕಿವಿಯ ಜುಮಕಿಯಿಂದ ಅವಳನ್ನು ಗುರುತು ಹಿಡಿದರು. ಅವಳ ಹುಟ್ಟುಹಬ್ಬಕ್ಕೆ ಕೊಡಿಸಿದವರು ಅವರೇ. ಸಂಜೆಯೊಳಗೆ ಅವಳ ಫೋನ್ ಬಂದಾಯಿತು. ವಾರದೊಳಗೆ ಹಾಸ್ಟೆಲ್ ಬಿಡಿಸಿ ಊರಿಗೆ ಕರೆದೊಯ್ದರು. ಮುಂದಿನ ಭಾನುವಾರ ಬಂದವರು ಐದೇ ಜನ. ಬಾರದವರಲ್ಲಿ ಒಬ್ಬ ನನಗೆ ಬರೆದದ್ದು, "ಮನಿಯಾಗ ಹೇಳೋ ಉತ್ತರ ಈಗ ಉಳಿದಿಲ್ರೀ."

ತಪ್ಪು ನನ್ನದು. ಕೋಣೆಯನ್ನೂ ಮಾತನ್ನೂ ತಿದ್ದಿಕೊಂಡೆ, ಕೈಯಲ್ಲಿದ್ದ ಮೊಬೈಲನ್ನು ಮರೆತೆ. ಅಂದಿನಿಂದ ಬಾಗಿಲಲ್ಲೇ ಒಂದು ಸ್ಟೀಲಿನ ಡಬ್ಬಿ ಇದೆ, ನನ್ನದೂ ಸೇರಿ ಎಲ್ಲರ ಮೊಬೈಲು ಅದರೊಳಗೆ. ಅಭ್ಯಾಸಕ್ಕಾಗಿ ಚಿತ್ರೀಕರಣ ಬೇಕಾದವರು ಕೊನೆಯ ಹತ್ತು ನಿಮಿಷ ಒಬ್ಬರೇ ನಿಂತು ತೆಗೆದುಕೊಳ್ಳಬಹುದು. ನೋಡಲು ಬರುವವರ ಬಗ್ಗೆ ವಾರ ಮೊದಲೇ ಎಲ್ಲರನ್ನೂ ಕೇಳುತ್ತೇವೆ, ಒಬ್ಬರು ಬೇಡವೆಂದರೂ ಬೇಡ. ಕಾಮನಬಿಲ್ಲು ಎಲ್ಲಿಯೂ ಇಲ್ಲ. ಇದನ್ನು ಕೇಳಿ ಬೆಂಗಳೂರಿನ ಒಬ್ಬ ಗೆಳತಿ, ಇಷ್ಟು ಮರೆಮಾಡಿಕೊಂಡರೆ ಸ್ವಾಭಿಮಾನ ಎಲ್ಲಿ ಬಂತೆಂದು ಆಕ್ಷೇಪಿಸಿದಳು. ಆಕೆಯ ಪ್ರಶ್ನೆಗೆ ತೂಕವಿದೆ. ಆದರೆ ಬೆಳಕಿಗೆ ಬರುವ ಹೊತ್ತನ್ನು ಬರುವವರೇ ಆರಿಸಬೇಕು, ಅವರ ಪರವಾಗಿ ಇನ್ನೊಬ್ಬರ ಮೊಬೈಲು ಆರಿಸಕೂಡದು.

ಹಾವೇರಿಯ ತಾಯಿಗೆ ನಾನೇ ಫೋನ್ ಮಾಡಿದೆ. ಏನು ಹೇಳಬೇಕು, ಏನು ಹೇಳಬಾರದು ಎಂದು ಎರಡು ದಿನ ಯೋಚಿಸಿದ್ದೆ. ಮಗಳು ಯಾರು ಎಂಬುದನ್ನು ಹೇಳುವ ಹಕ್ಕು ಮಗಳದು. ನಾನು ಹೇಳಬಹುದಾದದ್ದು ಅವಳ ನೃತ್ಯದ ಬಗ್ಗೆ ಮಾತ್ರ.

"ಅಲ್ಲಿ ಎಂಥೆಂಥಾವರೋ ಬರತಾರಂತಲ್ರೀ?" ಎಂದು ಅವರು ಕೇಳಿದರು.

"ಬರತಾರ್ರೀ ಅಕ್ಕಾರ. ಎಲ್ಲಾರನೂ ನಾನ ನೋಡಕೋತೀನಿ, ಬಾಗಲಾ ತಗದ ಇರತೈತಿ. ನೀವು ಒಮ್ಮೆ ಬಂದ ಕೂಡ್ರಿ. ನಿಮ್ಮ ಮಗಳ ಕಣ್ಣು ಭಾಳ ಛಲೋ ಮಾತಾಡತಾವು. ಅದು ಬಿಡಸಬ್ಯಾಡ್ರಿ."

ಅವರು ಬಹಳ ಹೊತ್ತು ಮಾತಾಡಲಿಲ್ಲ. "ಸಣ್ಣಾಕಿ ಇದ್ದಾಗ ಕನ್ನಡಿ ಮುಂದನ ಇರತಿದ್ಲು" ಎಂದು ಹೇಳಿ ಫೋನ್ ಇಟ್ಟರು. ನಾಲ್ಕು ತಿಂಗಳು ಏನೂ ಸುದ್ದಿಯಿರಲಿಲ್ಲ. ಐದನೆಯ ತಿಂಗಳು ತಾಯಿ ಮಗಳು ಇಬ್ಬರೂ ಬಂದರು. ಮೊದಲೇ ಎಲ್ಲರನ್ನೂ ಕೇಳಿದ್ದೆ, ಯಾರೂ ಬೇಡವೆಂದಿರಲಿಲ್ಲ. ತಾಯಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತು, ಮೊಬೈಲನ್ನು ತಾವೇ ಡಬ್ಬಿಗೆ ಹಾಕಿದರು. ಅಂದು ಅವ್ವಾರ ಪಾಠ. ಕೊಡ ಹೊತ್ತು ಕುಣಿಯುವುದನ್ನು ನೋಡಿದ ಆ ತಾಯಿ ಸೆರಗಿನ ಗಂಟಿನಿಂದ ನೋಟು ತೆಗೆದು ಅವ್ವಾರ ಕಾಲ ಬಳಿ ಇಟ್ಟು ಕೈಮುಗಿದರು. ನಮ್ಮ ಸೀಮೆಯ ಹೆಂಗಸರಿಗೆ ಎಲ್ಲಮ್ಮನ ಕೊಡ ಪರಿಚಿತ. ಮಗಳ ಬಗ್ಗೆ ಅವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ನಾನು ಕೇಳಿಲ್ಲ.

ಈಗಿನ ಸ್ಥಿತಿ

ತರಗತಿಯಲ್ಲಿ ಈಗ 14 ಜನರಿದ್ದಾರೆ. ಧಾರವಾಡದಲ್ಲಿ ಟಿಕೆಟ್ ಇಟ್ಟು ಪ್ರದರ್ಶನ ಮಾಡೋಣವೆಂದು ಆರು ಜನ ಹೇಳುತ್ತಾರೆ, ಉಳಿದವರಿಗೆ ಅದು ಆಗದು. ಹೊರಗೆ ಬರಬಲ್ಲವರು ಬರಲಾಗದವರಿಗಾಗಿ ಎಷ್ಟು ದಿನ ಕಾಯಬೇಕೆಂಬ ಪ್ರಶ್ನೆಗೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಸದ್ಯಕ್ಕೆ ನಮ್ಮ ಕೋಣೆಯಲ್ಲೇ, ಕಿಟಕಿಗೆ ಪರದೆ ಎಳೆದು, ತಲಾ ಇಬ್ಬರನ್ನು ಕರೆದು ಒಂದು ಪ್ರದರ್ಶನ ಮಾಡಿದೆವು. ನನ್ನ ಹಳೆಯ ಶಿಷ್ಯ ತಂದೆಯನ್ನು ಕೈಹಿಡಿದು ಎರಡು ಮಹಡಿ ಹತ್ತಿಸಿಕೊಂಡು ಬಂದಿದ್ದ. ಅವನು ಹೇಗೆ ನಿಲ್ಲಬೇಕೆಂದು ನಾನು ಏನೂ ಹೇಳಲಿಲ್ಲ. ಅರೆಮಂಡಿ ಚೆನ್ನಾಗಿತ್ತು.

ಹಾವೇರಿಯ ಹುಡುಗಿ ಎರಡು ವಾರಕ್ಕೊಮ್ಮೆ ಬರುತ್ತಾಳೆ, ತಾಯಿಯೇ ಬಸ್ ನಿಲ್ದಾಣದವರೆಗೆ ಬಂದು ಬಿಡುತ್ತಾರಂತೆ. ಜುಮಕಿ ಮತ್ತೆ ಹಾಕಿಕೊಂಡಿದ್ದಾಳೆ. ಗೆಜ್ಜೆಯನ್ನು ಮಾತ್ರ ಇನ್ನೂ ನನ್ನ ಕಪಾಟಿನಲ್ಲಿಟ್ಟು ಹೋಗುತ್ತಾಳೆ.